ಅಣ್ಣನ ತಿರುವು

ಊರಲ್ಲಿ ಅವನನ್ನು ಎಲ್ಲರೂ ಪೀಪಿ ಅಂತಲೇ ಕರೆಯುತ್ತಿದ್ದರು. ಹಾಲುಹಲ್ಲು ಬೀಳುವ ಮೊದಲೇ ಅಪ್ಪನ ಮೋಟಾರ್ ಬೈಕಿನ ಟ್ಯಾಂಕಿನ ಮೇಲೆ ಕೂತು, ತಿರುವು ಬಂದಾಗಲೆಲ್ಲ ಬಾಯಲ್ಲೇ ಹಾರನ್ ಹೊಡೆಯುತ್ತಿದ್ದನಂತೆ. ಆಮೇಲೆ ಹಳೆ ಹಲ್ಲು ಬಿದ್ದು ಹೊಸ ಹಲ್ಲು ಬಂತು, ಮೀಸೆ ಬಂತು, ಹೆಂಡತಿ ಬಂದಳು. ಪೀಪಿ ಪೀಪಿಯಾಗಿಯೇ ಉಳಿದ. ಕೆಲಸವೂ ಹೆಸರಿಗೆ ತಕ್ಕ ಹಾಗೆ ಸಿಕ್ಕಿತು. ಊರಾಚೆ, ಬೆಟ್ಟದ ಬುಡದಲ್ಲಿದ್ದ ಲಾಡ್ಜಿಗೆ ಬೆನ್ನಿಗೆ ಚೀಲ ಹೊತ್ತು ದೇಶ ಸುತ್ತುವ ಹುಡುಗ ಹುಡುಗಿಯರು ಬರುತ್ತಿದ್ದರು. ಅವರಿಗೆ ಒಂದೊಂದು ಬೈಕು ಕೊಟ್ಟು, ನಾಲ್ಕು ದಿನ ಬೆಟ್ಟ ಹತ್ತಿಸಿ ಇಳಿಸಿ, ಹೊರಟ ಜಾಗಕ್ಕೇ ತಂದು ಬಿಡುವುದು ಅವನ ಕೆಲಸ. ಮುಂದೆ ಪೀಪಿ, ನಡುವೆ ಅತಿಥಿಗಳು, ಕೊನೆಯಲ್ಲಿ ಇನ್ನೊಬ್ಬ ಸವಾರ.

ಈ ಕೆಲಸಕ್ಕೆ ಎರಡೇ ನಿಯಮ. ಮುಂದಿನವನನ್ನು ಯಾರೂ ಹಿಂದೆ ಹಾಕಬಾರದು. ಕೊನೆಯವನು ಯಾರನ್ನೂ ಹಿಂದೆ ಹಾಕಬಾರದು. ಮುಂದಿನವನು ತಿರುವು ತಿರುವಿಗೂ ಹಾರನ್ ಹೊಡೆದು ಎದುರಿನ ಲಾರಿಗಳಿಗೆ ಎಚ್ಚರಿಕೆ ಕೊಡಬೇಕು. ಅವನು ಅಂಗೈ ಕೆಳಗೆ ಮಾಡಿದರೆ ನಿಧಾನ, ಮುಷ್ಟಿ ಎತ್ತಿದರೆ ನಿಲ್ಲು, ಕಾಲು ಚಾಚಿದರೆ ಆ ಕಡೆ ಗುಂಡಿ ಇದೆ ಅಂತ ಅರ್ಥ. ಕೊನೆಯವನು ಹಾರನ್ ಮುಟ್ಟಲೇಬಾರದು. ಮುಟ್ಟಿದರೆ ಹಿಂದೆ ಏನೋ ಅನಾಹುತವಾಯಿತು ಅಂತ ಎಲ್ಲರೂ ನಿಂತುಬಿಡುತ್ತಾರೆ. ಯಾರ ಚೈನು ಕಳಚಿದರೂ, ಯಾರಿಗೆ ವಾಂತಿ ಬಂದರೂ, ಯಾರು ಹೂವಿನ ಫೋಟೋ ತೆಗೆಯಲು ನಿಂತರೂ ಅವನು ಅವರ ಜೊತೆ ನಿಲ್ಲಬೇಕು. ಪೀಪಿ ಮೊದಲಿಂದಲೂ ಮುಂದಿನವನೇ.

ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಸ್ವತಂತ್ರವಾದ ಕೆಲಸ ಇನ್ನೊಂದಿಲ್ಲ. 'ನಿನ್ನ ಬದುಕೇ ಬದುಕು' ಎಂದು ಅತಿಥಿಗಳು ಅವನ ಭುಜ ತಟ್ಟುತ್ತಿದ್ದರು. ಪೀಪಿ ನಗುತ್ತಿದ್ದ. ನಗುವುದೂ ಕೆಲಸದ ಭಾಗವೇ. ಒಳಗೊಳಗೆ ಅವನಿಗೆ ಗಾಣದ ಎತ್ತಿನ ನೆನಪಾಗುತ್ತಿತ್ತು. ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಇವನು ಕಣ್ಣು ಬಿಟ್ಟುಕೊಂಡೇ ಅದೇ ಸುತ್ತು ಸುತ್ತಬೇಕು. ಮೊದಲ ದಿನ ಸೇತುವೆಯ ಹತ್ತಿರ ಅದೇ ಜೋಕು, ಎರಡನೇ ದಿನ ಜಲಪಾತದ ಎದುರು ಅದೇ ಫೋಟೋ, ನಾಲ್ಕನೇ ದಿನ ಬೀಳ್ಕೊಡುವಾಗ ಅದೇ ಅಪ್ಪುಗೆ. ಅದೆಲ್ಲ ಹೇಗೋ ನಡೆದುಹೋಗುತ್ತಿತ್ತು. ಮೂರನೇ ದಿನ ಮಾತ್ರ ಅವನಿಗೆ ಬೇಡವಾಗಿತ್ತು. ಮೂರನೇ ದಿನ ಅವನ ಅಣ್ಣ ಸಾಯುತ್ತಿದ್ದ.

ಅಣ್ಣ ನಿಜವಾಗಿ ಸತ್ತಿರಲಿಲ್ಲ. ದೂರದ ಬಂದರಿನಲ್ಲಿ, ಮೀನು ಇಡುವ ತಣ್ಣನೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಆದರೆ ಮೂರನೇ ದಿನದ ದಾರಿಯಲ್ಲಿ ಒಂದು ತಿರುವು ಇತ್ತು. ಏರುದಾರಿ ಮುಗಿದು, ರಸ್ತೆ ಸ್ವಲ್ಪ ದೂರ ನೆಟ್ಟಗೆ ಹೋಗುತ್ತದೆ. ಅಲ್ಲಿಯವರೆಗೆ ಎರಡನೇ ಗೇರಿನಲ್ಲಿ ನರಳಿದ ಬೈಕುಗಳಿಗೆ ಉಸಿರು ಬಂದ ಹಾಗಾಗಿ, ಹುಡುಗರ ಕೈ ತಾನಾಗಿಯೇ ತಿರುಚಿಕೊಳ್ಳುತ್ತದೆ. ಆಮೇಲೆ ಮೊಣಕೈ ಮಡಚಿದ ಹಾಗೆ ರಸ್ತೆ ಮಡಚಿಬಿಡುತ್ತದೆ. ಪಕ್ಕದ ಬಂಡೆಯಿಂದ ನೀರು ಜಿನುಗಿ ಸಣ್ಣ ಜಲ್ಲಿಯನ್ನು ರಸ್ತೆಗೆ ತಂದು ಹರಡಿರುತ್ತದೆ. ಆಚೆಗೆ ತಡೆಗೋಡೆ ಇಲ್ಲ. ಕೆಳಗೆ ಹೊಳೆ, ಯಾರೋ ಬೀಳಿಸಿ ಮರೆತ ದಾರದ ಹಾಗೆ ಕಾಣುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಒಬ್ಬ ಬಿದ್ದು ಭುಜದ ಮೂಳೆ ಮುರಿದುಕೊಂಡ. ಇನ್ನೊಬ್ಬಳ ಬೈಕು ಅಂಚಿನ ಪೊದೆಗೆ ಸಿಕ್ಕಿಕೊಂಡು ಉಳಿಯಿತು. ನೆಟ್ಟನೆಯ ರಸ್ತೆ ಶುರುವಾಗುವ ಮೊದಲೇ ಎಲ್ಲರನ್ನೂ ನಿಲ್ಲಿಸಿ, 'ನಿಧಾನ, ನಿಧಾನ' ಅಂತ ಪೀಪಿ ಗಂಟಲು ಹರಿದುಕೊಂಡ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಒಂದು ದಿನ ಒಬ್ಬ ಧಡಿಯ, 'ನಮ್ಮ ದೇಶದಲ್ಲಿ ಇಂಥದ್ದನ್ನು ತಿರುವು ಅನ್ನಲ್ಲ' ಎಂದು ನಕ್ಕಾಗ ಪೀಪಿಗೆ ಮೈ ಉರಿದು ಬಾಯಿಂದ ಬಂದುಬಿಟ್ಟಿತು: "ನನ್ನ ಅಣ್ಣ ಸತ್ತಿದ್ದು ಇಲ್ಲೇ."

ಆ ದಿನ ಅತಿಥಿಗಳು ಇರುವೆ ಸಾಲಿನ ಹಾಗೆ ತಿರುವು ದಾಟಿದರು. ದಾಟಿದ ಮೇಲೆ ಒಬ್ಬ ಹುಡುಗಿ ಬೈಕು ನಿಲ್ಲಿಸಿ, ಅಳುತ್ತಾ, ರಸ್ತೆಯಂಚಿನಲ್ಲಿ ಒಂದು ಕಲ್ಲಿಟ್ಟಳು. ಉಳಿದವರೂ ಇಟ್ಟರು. ಲಾಡ್ಜಿಗೆ ವಾಪಸು ಬಂದಾಗ ಒಡತಿ ಅವನನ್ನು ಪಕ್ಕಕ್ಕೆ ಕರೆದಳು. ಅವಳು ಬೇರೆ ಊರಿನಿಂದ ಬಂದು ಲಾಡ್ಜು ತೆರೆದವಳು, ಎಲ್ಲರಿಗೂ ಲಾಡ್ಜಿನಕ್ಕ. "ಅಷ್ಟು ದೊಡ್ಡ ದುಃಖ ಇಟ್ಟುಕೊಂಡು ಒಂದು ಮಾತು ಹೇಳಲಿಲ್ಲವಲ್ಲಪ್ಪಾ?" ಎಂದಳು. ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಪೀಪಿ "ಹೂಂ" ಅಂದ. ಆ ಒಂದು 'ಹೂಂ' ಅವನನ್ನು ಕಟ್ಟಿಹಾಕಿತು. ಮುಂದಿನ ವಾರ ಲಾಡ್ಜಿನ ಎದುರಿನ ಬೋರ್ಡಿನಲ್ಲಿ, ಅತಿಥಿಗಳ ಭಾಷೆಯಲ್ಲಿ, ಮೂರನೇ ದಿನದ ಕೆಳಗೆ ಹೊಸ ಸಾಲು ಬಂದಿತ್ತು: ಅಣ್ಣನ ತಿರುವು. ಪಕ್ಕದಲ್ಲಿ ಪುಟ್ಟದೊಂದು ಕಲ್ಲುಗುಪ್ಪೆಯ ಚಿತ್ರ.

ಅಲ್ಲಿಂದೀಚೆಗೆ ಆ ತಿರುವಿನಲ್ಲಿ ಒಬ್ಬರೂ ಬಿದ್ದಿರಲಿಲ್ಲ. ಕಥೆ ವಾರದಿಂದ ವಾರಕ್ಕೆ ಬೆಳೆದು ನಿಂತಿತ್ತು. 'ನಾನು ಮುಂದೆ, ಅಣ್ಣ ಹಿಂದೆ. ಇಲ್ಲಿ ನನ್ನನ್ನು ಹಿಂದೆ ಹಾಕಿದ. ತಿರುಗಿ ನೋಡಿ ನಕ್ಕ. ನಗು ನೋಡಿದೆ, ಆಮೇಲೆ ನೋಡಿದ್ದು ಖಾಲಿ ರಸ್ತೆ.' ಇಷ್ಟು ಹೇಳುವಾಗ ಪೀಪಿಯ ಕಣ್ಣು ತುಂಬುತ್ತಿತ್ತು. ಕಥೆ ಗುಟ್ಟಾಗಿಯೂ ಉಳಿದಿತ್ತು. ಅತಿಥಿಗಳ ಭಾಷೆ ಊರಲ್ಲಿ ಯಾರಿಗೂ ಬರದು. ಕೊನೆಯವನಾಗಿದ್ದ ಮುದುಕನಿಗೆ ಎಂಜಿನ್ನಿನ ಸದ್ದು ಕೇಳಿ ಕೇಳಿ ಕಿವಿ ಮಂದವಾಗಿತ್ತು. ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ಮನೆಯಲ್ಲಿ ಬೈಕಿನ ಸೀಟು ಕವರು ಹೊಲಿಯುತ್ತಾ, "ನಿಮ್ಮ ನಾಲಿಗೆಗೆ ಮೂಳೆ ಇಲ್ಲ, ಅಷ್ಟೇ," ಅನ್ನುತ್ತಿದ್ದಳು. "ಅತ್ತೆಗೆ ಗೊತ್ತಾದ ದಿನ ನಾನು ತವರಿಗೆ ಹೋಗಿರ್ತೀನಿ, ಮೊದಲೇ ಹೇಳಿದ್ದೀನಿ."

ಅತ್ತೆ ಅಂದರೆ ಪೀಪಿಯ ಅಮ್ಮ. ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳಿದ್ದಳು, ಇವರಿದ್ದರು. ಕೆಳಗಿನಿಂದ ಸುತ್ತಿಗೆ ಸದ್ದು, ಗ್ರೀಸಿನ ವಾಸನೆ. ಅಮ್ಮನ ಮಂಚದ ತಲೆಯ ಕಡೆ, ಮಡಚಿಟ್ಟ ಒಂದು ನೀಲಿ ಕಂಬಳಿ ಇರುತ್ತಿತ್ತು. ಅದು ದೊಡ್ಡ ಮಗನದು. ಚಳಿಗಾಲದಲ್ಲೂ ಅದನ್ನು ಯಾರೂ ಹೊದೆಯುವ ಹಾಗಿರಲಿಲ್ಲ.

ಅಣ್ಣ ಮನೆ ಬಿಟ್ಟದ್ದು ಪೀಪಿಯಿಂದಲೇ. ಅಪ್ಪ ಸತ್ತ ಮೇಲೆ ಕೆಟ್ಟು ನಿಂತಿದ್ದ ಬೈಕನ್ನು ಅಣ್ಣ ತಿಂಗಳುಗಟ್ಟಲೆ ಕೂತು ಬಿಚ್ಚಿ ಜೋಡಿಸಿದ್ದ; ಅದನ್ನು ಓಡಿಸಿಕೊಂಡು ಹೋಗಿ ಲಾಡ್ಜಿನ ಕೆಲಸ ಕೇಳಬೇಕೆಂದು. ಬೈಕು ಉಸಿರಾಡಿದ ಮರುದಿನ ಪೀಪಿ, ಅಣ್ಣ ಏಳುವ ಮೊದಲೇ, ಅದನ್ನು ತಳ್ಳಿಕೊಂಡು ಹೋಗಿ ರಸ್ತೆ ಮುಟ್ಟಿದ ಮೇಲೆ ಚಾಲೂ ಮಾಡಿದ. ಕೆಲಸ ಅವನಿಗೆ ಸಿಕ್ಕಿತು. ಮನೆಗೆ ಬಂದಾಗ ಅಣ್ಣ ಒಂದು ಏಟು ಹಾಕಿದ. ಒಂದೇ ಏಟು, ಆದರೆ ಹೊಸದಾಗಿ ಮದುವೆಯಾಗಿ ಬಂದ ಹೆಂಡತಿಯ ಎದುರಿಗೆ. "ಇವತ್ತಿಗೆ ನನ್ನ ಪಾಲಿಗೆ ನೀನು ಸತ್ತ ಹಾಗೆ," ಅಂದ ಪೀಪಿ.

"ಬಿಡ್ತು ಅನ್ನು," ಎಂದಳು ಅಮ್ಮ. "ಅನ್ನೋ, ಬಿಡ್ತು ಅನ್ನು."

ಪೀಪಿ ಅನ್ನಲಿಲ್ಲ. ಅಣ್ಣ ಬೆಳಗಿನ ಬಸ್ಸು ಹತ್ತಿದ.

ಎಂಟು ವರ್ಷದ ಮೇಲೆ ಒಂದು ಮಧ್ಯಾಹ್ನ ಅವನು ಹೇಳದೆ ಕೇಳದೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ. ಕಿವಿಯ ಹತ್ತಿರ ಕೂದಲು ನರೆತಿತ್ತು, ಬೆರಳುಗಳು ತಣ್ಣೀರಲ್ಲಿ ನೆಂದು ನೆಂದು ದಪ್ಪಗಾಗಿದ್ದವು. ಅಮ್ಮ ಕಂಬಳಿ ಕೊಡವಿ ಹಾಸಿದಳು. ಅಡುಗೆಮನೆಯಲ್ಲಿ ಹೆಂಡತಿ ಪೀಪಿಯ ಕಿವಿಯ ಹತ್ತಿರ ಬಂದು, "ಸತ್ತವರು ಊಟಕ್ಕೆ ಬಂದಿದ್ದಾರೆ. ತಟ್ಟೆ ಇಡಲೋ, ಕಲ್ಲಿಡಲೋ?" ಎಂದಳು.

ಅಂದಿನಿಂದ ಅಮ್ಮ ಹಗಲಲ್ಲೂ ನಿದ್ದೆ ಮಾಡತೊಡಗಿದಳು. ಎಂಟು ವರ್ಷದ ನಿದ್ದೆ ಬಾಕಿಯಿತ್ತೇನೋ. ಎಚ್ಚರವಾದ ಕೂಡಲೇ "ಇದ್ದಾನಾ?" ಅಂತ ಕೇಳುತ್ತಿದ್ದಳು. "ಇದ್ದೀನಮ್ಮ" ಎಂದು ಅಣ್ಣ ಹೇಳಿದರೆ ಮತ್ತೆ ಮಗ್ಗುಲಾಗುತ್ತಿದ್ದಳು. ಹತ್ತು ದಿನ ಕಳೆದ ಮೇಲೆ ಪೀಪಿಯನ್ನು ಕರೆದು ಕೂರಿಸಿಕೊಂಡಳು.

"ನಿನ್ನ ಕೆಲಸದಲ್ಲಿ ಆ ಮುದುಕ ಬಿಟ್ಟನಂತಲ್ಲ. ಅಣ್ಣನನ್ನು ಸೇರಿಸು."

"ಅವನಿಗೆ ಬೆಟ್ಟದ ರಸ್ತೆ ಮರೆತುಹೋಗಿರುತ್ತಮ್ಮ."

"ನಿನಗೆ ಓಡಿಸೋಕೆ ಕಲಿಸಿದ್ದು ಅವನಲ್ಲವೇನೋ? ನೋಡು, ಕೆಲಸ ಇಲ್ಲದ ಗಂಡಸು ಚಪ್ಪಲಿ ಕಡೆ ನೋಡ್ತಾ ಕೂರ್ತಾನೆ. ಇವನು ಇನ್ನೊಂದು ಸಲ ಹೋದರೆ ನಾನು ಕಾಯೋಕೆ ಇರಲ್ಲ. ಅಷ್ಟು ತಿಳ್ಕೋ."

ಪೀಪಿ ತಿಳಿದುಕೊಂಡ. ಅಣ್ಣನಿಗೆ ತಿರುವಿನ ಕಥೆ ಗೊತ್ತಾದರೆ ಅವನು ಹೋಗುತ್ತಾನೆ. ಅವನು ಹೋದರೆ ಅಮ್ಮ ಉಳಿಯುವುದಿಲ್ಲ. ಕೆಲಸ ಕೊಡಿಸದೆ ಇದ್ದರೂ ಅವನು ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಲಾಡ್ಜಿನಕ್ಕನ ಹತ್ತಿರ ಹೋಗಿ, "ನಮ್ಮ ದೊಡ್ಡಪ್ಪನ ಮಗ" ಎಂದ. ಅಣ್ಣನಿಗೆ ಮೊದಲೇ ಹೇಳಿಟ್ಟಿದ್ದ: "ಅಕ್ಕ ಒಡಹುಟ್ಟಿದವರನ್ನು ಒಟ್ಟಿಗೆ ಇಟ್ಟುಕೊಳ್ಳಲ್ಲ. ಒಳಗೊಳಗೇ ಒಂದಾಗ್ತಾರೆ ಅಂತ ಭಯ. ದೊಡ್ಡಪ್ಪನ ಮಗ ಅಂದಿದ್ದೀನಿ, ನೀನೂ ಹಾಗೇ ಹೇಳು."

"ಒಂದಾಗ್ತಾರೆ ಅಂತಾನಾ," ಎಂದ ಅಣ್ಣ. ಬೋರ್ಡಿನ ಎದುರು ಸ್ವಲ್ಪ ಹೊತ್ತು ನಿಂತಿದ್ದ. ಚಿತ್ರ ನೋಡುತ್ತಿದ್ದಾನೆ ಅಂದುಕೊಂಡ ಪೀಪಿ. ಪೆಟ್ಟಿಗೆ ಹೊರುವವನಿಗೆ ಆ ಅಕ್ಷರ ಎಲ್ಲಿಂದ ಬರಬೇಕು.

ಆ ಸಲ ಬಂದಿದ್ದವರು ಐದು ಜನ. ಒಂದು ಗಂಡ ಹೆಂಡತಿ ಜೋಡಿ, ದಿನವಿಡೀ ಫೋಟೋ ತೆಗೆಯುವವನೊಬ್ಬ, ಮಾತು ಕಡಿಮೆಯ ಒಬ್ಬ ದಾದಿ, ಮತ್ತೆ ತೆಂಗಿನ ಮರ ಹತ್ತಿದವನ ಹಾಗೆ ಎಲ್ಲರನ್ನೂ ಮೇಲಿನಿಂದ ನೋಡುವ ಒಬ್ಬ ಉದ್ದನೆಯ ಹುಡುಗ. ಅವನಿಗೆ ಅಣ್ಣ ಮೊದಲ ಗಂಟೆಯಲ್ಲೇ 'ಏಣಿ' ಎಂದು ಹೆಸರಿಟ್ಟ. ಬೆಳಿಗ್ಗೆ ಚೀಲಗಳನ್ನು ಹಗ್ಗ ಬಿಗಿದು ಕಟ್ಟುವಾಗ, ಕ್ಲಚ್ಚಿನ ತಂತಿಗಳನ್ನು ನೋಡುವಾಗ ಅಣ್ಣನ ದಪ್ಪ ಬೆರಳುಗಳು ಒಂದನ್ನೂ ಮರೆತಿರಲಿಲ್ಲ. ಹೊರಟ ಮೇಲೆ ಪೀಪಿ ಪ್ರತಿ ತಿರುವಿನಲ್ಲೂ ಕನ್ನಡಿ ನೋಡಿದ. ಎಲ್ಲರ ಹಿಂದೆ, ಧೂಳಿನೊಳಗೆ, ಒಂದು ಕಪ್ಪು ಹೆಲ್ಮೆಟ್ಟು ಅಲುಗದೆ ಬರುತ್ತಿತ್ತು.

ಮೊದಲ ಸಂಜೆ ತಂಗುಮನೆಯ ಉದ್ದದ ಮೇಜಿನ ಸುತ್ತ ಎಲ್ಲರೂ ಊಟಕ್ಕೆ ಕೂತಿದ್ದರು. ಏಣಿ ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ ಕೇಳಿದ, "ಪೀಪಿ, ನಿನ್ನ ಅಣ್ಣ ಸತ್ತ ಜಾಗ ಯಾವಾಗ ಬರುತ್ತೆ? ನನ್ನ ಸ್ನೇಹಿತ ಹೋದ ವರ್ಷ ಬಂದಿದ್ದ. ಅದೇ ಇಡೀ ಪ್ರವಾಸದ ಒಳ್ಳೇ ಭಾಗ ಅಂದ."

ದಾದಿ ಏಣಿಯ ಕಡೆ ದುರುಗುಟ್ಟಿ ನೋಡಿದಳು. ಅಣ್ಣ ಮೇಜಿನ ಕೊನೆಯಲ್ಲಿ ಮೊಟ್ಟೆ ಸುಲಿಯುತ್ತಿದ್ದ. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಹಾಕಿದ, ಮೊಟ್ಟೆ ತಿಂದ, ನೀರು ಕುಡಿದ.

"ನಾಡಿದ್ದು," ಎಂದ ಪೀಪಿ.

ಅಣ್ಣನಿಗೆ ಅರ್ಥವಾಯಿತೋ ಇಲ್ಲವೋ? ಬೆಳಿಗ್ಗೆ ಬೈಕು ಒರೆಸುವಾಗ ಪೀಪಿ ಪರೀಕ್ಷೆ ಮಾಡಿದ. ಅತಿಥಿಗಳ ಭಾಷೆಯಲ್ಲಿ, ಯಾರಿಗೋ ಹೇಳುವವನ ಹಾಗೆ, "ಆ ಕರಿ ಹೆಲ್ಮೆಟ್ಟಿನೊಳಗೆ ಚೇಳು ಇದೆ," ಎಂದ. ಅಣ್ಣ ಹೆಲ್ಮೆಟ್ಟು ತೆಗೆದು ತಲೆಗೆ ಹಾಕಿಕೊಂಡು ಪಟ್ಟಿ ಬಿಗಿದ. ಪೀಪಿಗೆ ಹೋದ ಜೀವ ಬಂದ ಹಾಗಾಯಿತು. ಅರ್ಧ ಜೀವವಷ್ಟೇ. ಇನ್ನರ್ಧ ಮೂರನೇ ದಿನದ ತಿರುವಿನಲ್ಲಿ ಕೂತಿತ್ತು. ಅಲ್ಲಿ ನಿಲ್ಲಿಸಿ ಕಥೆ ಹೇಳಿದರೆ ಅತಿಥಿಗಳ ಮುಖ ನೋಡಿ, ಕಲ್ಲುಗುಪ್ಪೆ ನೋಡಿ ಕುರುಡನಿಗೂ ವಿಷಯ ಗೊತ್ತಾಗುತ್ತದೆ. ಹೇಳದೆ ಹೋದರೆ? ಎರಡನೇ ದಿನವೆಲ್ಲ ಅವನಿಗೆ ರಸ್ತೆ ಕಾಣಲಿಲ್ಲ. ಮುಂದೆ ನಾಡಿದ್ದು ಅಂದದ್ದು ನಾಳೆಯಾಗುತ್ತಿತ್ತು. ಹಿಂದೆ ಕನ್ನಡಿಯಲ್ಲಿ ಅಣ್ಣ. ಜಲಪಾತದ ಎದುರು ಅವನು ಸೇತುವೆಯ ಜೋಕನ್ನೇ ಮತ್ತೆ ಹೇಳಿದ. ಅತಿಥಿಗಳು ಸೌಜನ್ಯಕ್ಕೆ ನಕ್ಕರು.

ಮೂರನೇ ದಿನ ಏರು ಹತ್ತುವಾಗ ಅವನು ನಿರ್ಧಾರ ಮಾಡಿದ. ನಿಲ್ಲಿಸುವುದಿಲ್ಲ. ತಿರುವನ್ನು ತಿರುವು ಅನ್ನಿಸದ ಹಾಗೆ ದಾಟಿಬಿಡುವುದು. ಏಣಿ ಕೇಳಿದರೆ, ಹಿಂದೆ ಹೋಯಿತು, ಗಮನಿಸಲಿಲ್ಲವೇ ಅಂದರಾಯಿತು.

ನೆಟ್ಟನೆಯ ರಸ್ತೆ ಬಂತು. ಪೀಪಿ ಅಂಗೈ ಕೆಳಗೆ ಮಾಡಿದ, ಹಾರನ್ ಹೊಡೆದ. ಹಿಂದಿನಿಂದ ಎಂಜಿನ್ನೊಂದು ಕೂಗಿತು. ಏಣಿ ಅವನ ಪಕ್ಕದಿಂದಲೇ, ಕೈ ಎತ್ತಿ ಸಂತೋಷದಲ್ಲಿ ಏನೋ ಹೇಳುತ್ತಾ, ಮುಂದಕ್ಕೆ ಹಾದ. ಹಾಯುವಾಗ ತಿರುಗಿ ನೋಡಿ ನಕ್ಕ.

ಎಂಟು ವರ್ಷ ವಾರಕ್ಕೊಮ್ಮೆ ಬಾಯಲ್ಲಿ ಹೇಳಿದ್ದನ್ನು ಪೀಪಿ ಆವತ್ತು ಕಣ್ಣಲ್ಲಿ ನೋಡಿದ. ಜಲ್ಲಿಯ ಮೇಲೆ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಬೈಕು ಮಲಗಿತು, ಹುಡುಗನನ್ನು ಎಳೆದುಕೊಂಡು ಅಂಚಿನ ಕಡೆ ಹೋಯಿತು, ಕಲ್ಲುಗುಪ್ಪೆಗೆ ಬಡಿದು ನಿಂತಿತು. ಎಂಟು ವರ್ಷದ ಕಲ್ಲುಗಳಲ್ಲಿ ಅರ್ಧ ಕೆಳಗೆ ಉರುಳಿದವು. ಅವು ಹೊಳೆ ಮುಟ್ಟಿದ ಸದ್ದು ಕೇಳಲೇ ಇಲ್ಲ.

ಏಣಿ ಬದುಕಿದ್ದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದಿತ್ತು. ದಾದಿ ಅವನನ್ನು ಬಂಡೆಗೆ ಒರಗಿಸಿ ಕೂರಿಸಿ ಕೈ ತೊಳೆದು ಪಟ್ಟಿ ಕಟ್ಟಿದಳು. ಜೋಡಿ ಕೈ ಕೈ ಹಿಡಿದು ನಿಂತಿತು. ಫೋಟೋದವನು ಮೊದಲ ಬಾರಿ ಕ್ಯಾಮೆರಾವನ್ನು ಚೀಲದೊಳಗೆ ಇಟ್ಟ. ಕೊನೆಯವನಾಗಿ ಅಣ್ಣ ಬಂದ, ಬೈಕಿಗೆ ಸ್ಟ್ಯಾಂಡು ಹಾಕಿದ, ಹೆಲ್ಮೆಟ್ಟು ತೆಗೆದು ಕನ್ನಡಿಗೆ ಸಿಕ್ಕಿಸಿದ.

ಏಣಿ ಚದುರಿದ ಕಲ್ಲುಗಳನ್ನೇ ನೋಡುತ್ತಿದ್ದ. "ಇದೇ ಅಲ್ಲವಾ," ಎಂದ ಸಣ್ಣ ದನಿಯಲ್ಲಿ. "ಯಾಕೆ ನಿಲ್ಲಿಸಲಿಲ್ಲ ಪೀಪಿ? ಮೊದಲೇ ನಿಲ್ಲಿಸಿ ಹೇಳ್ತೀಯ ಅಂದಿದ್ದ ನನ್ನ ಸ್ನೇಹಿತ."

ಆಗ ಅಣ್ಣ ಅತಿಥಿಗಳ ಭಾಷೆಯಲ್ಲಿ, ಬಂದರಿನ ಒರಟು ರಾಗದಲ್ಲಿ, ಒಂದು ತಪ್ಪೂ ಇಲ್ಲದೆ ಮಾತಾಡಿದ.

"ಹೇಳು ಪೀಪಿ. ನಾನೂ ಕೇಳಿಲ್ಲ."

ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಬಂಡೆಯಿಂದ ನೀರು ಜಿನುಗುತ್ತಿತ್ತು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ, ನಡುವೆ ಬೈಕುಗಳು. ಓಡಿಹೋಗುವುದಕ್ಕೂ ದಾರಿ ಇರಲಿಲ್ಲ. ಪೀಪಿ ಹೇಳಿದ. ನೆಲ ನೋಡಿಕೊಂಡು, ಪಾಠ ಒಪ್ಪಿಸುವವನ ಹಾಗೆ. ನಾನು ಮುಂದೆ, ಅಣ್ಣ ಹಿಂದೆ. ಇಲ್ಲಿ ನನ್ನನ್ನು ಹಿಂದೆ ಹಾಕಿದ.

"ಜೋರಾಗಿ ಓಡಿಸ್ತಿದ್ದನಾ?" ಅಣ್ಣ ಕೇಳಿದ.

"ಹೂಂ."

"ಮೊದಲಿಂದಲೂ ಹಾಗೇನಾ?"

"ಇಲ್ಲ," ಎಂದ ಪೀಪಿ. "ಮೊದಲೆಲ್ಲ ನಿಧಾನ. ನನ್ನನ್ನು ಮುಂದೆ ಬಿಟ್ಟು ಹಿಂದೆ ಬರ್ತಿದ್ದ. ಬಿದ್ದರೆ ಎತ್ತೋಕೆ." ಈ ಮಾತು ಕಥೆಯಲ್ಲಿ ಇರಲಿಲ್ಲ. ಅದು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಉಳಿದದ್ದನ್ನು ಹೇಳಿದ. ನಗು ನೋಡಿದೆ, ಆಮೇಲೆ ನೋಡಿದ್ದು ಖಾಲಿ ರಸ್ತೆ. ಕಣ್ಣು ತುಂಬಿ ಮೂಗಿನ ತುದಿಯಿಂದ ಹನಿ ಬಿತ್ತು. ದಾದಿ ಅವನ ಬೆನ್ನ ಮೇಲೆ ಕೈಯಿಟ್ಟಳು.

ಅಣ್ಣ ಬಗ್ಗಿ ಚದುರಿದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಗುಪ್ಪೆ ಕಟ್ಟತೊಡಗಿದ. ಚಪ್ಪಟೆ ಕಲ್ಲು ಕೆಳಗೆ, ಗುಂಡನೆಯದು ಮೇಲೆ. ಪೆಟ್ಟಿಗೆ ಜೋಡಿಸಿ ಅಭ್ಯಾಸವಾದ ಕೈ. ಅತಿಥಿಗಳೂ ಕೈ ಜೋಡಿಸಿದರು. ತನ್ನ ಗುಪ್ಪೆಯನ್ನು ತಾನೇ ಕಟ್ಟಿ ಮುಗಿಸಿ ಅಣ್ಣ ಕೈ ಕೊಡವಿದ. "ಹೊರಡೋಣ. ಕತ್ತಲಾಗುವ ಮೊದಲು ಈ ಏಣಿಯನ್ನು ಎಲ್ಲಾದರೂ ಒರಗಿಸಬೇಕು," ಎಂದ. ಏಣಿಯೇ ಮೊದಲು ನಕ್ಕ.

ಆ ಸಂಜೆ ಹೊಳೆಯಂಚಿನ ತಂಗುಮನೆಯ ಹಿಂದೆ, ಇನ್ನೂ ಬೆಳಕಿರುವಾಗಲೇ, ಇಬ್ಬರೂ ಏಣಿಯ ಬೈಕಿನ ಬಾಗಿದ ಹ್ಯಾಂಡಲ್ ನೆಟ್ಟಗೆ ಮಾಡುತ್ತಿದ್ದರು. ಒಂದು ಕಡೆಯನ್ನು ಕಂಬಕ್ಕೆ ಹಗ್ಗದಿಂದ ಬಿಗಿದು ಅಣ್ಣ ಎಳೆದ. ಪೀಪಿ ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದುಕೊಂಡ.

"ಯಾವಾಗ ಗೊತ್ತಾಯಿತು?" ಎಂದ ಪೀಪಿ.

"ಬಂದರಿನಲ್ಲಿ. ಹಡಗಿಗೆ ಕಾಯ್ತಿದ್ದ ಒಬ್ಬ ಹುಡುಗಿ ಸಿಕ್ಕಳು. ಈ ಬೆಟ್ಟದಲ್ಲಿ ಪೀಪಿ ಅಂತ ಒಬ್ಬ ಇದ್ದಾನೆ, ಸತ್ತ ಅಣ್ಣನನ್ನು ನೆನೆದು ವಾರ ವಾರ ಅಳ್ತಾನೆ ಅಂದಳು. ಪೀಪಿ ಅನ್ನೋ ಹೆಸರು ಪ್ರಪಂಚದಲ್ಲಿ ಎಷ್ಟು ಜನಕ್ಕಿರುತ್ತೆ? ಚಕ್ರ ಗಟ್ಟಿ ಹಿಡಿ."

ಪೀಪಿ ಹಿಡಿದ.

"ಎಂಟು ವರ್ಷ ಆ ತಿರುವಿನಲ್ಲಿ ದುಡಿದಿದ್ದೀನಿ ನಾನು. ಮಳೆ, ಬಿಸಿಲು, ಒಂದು ದಿನ ರಜೆ ಇಲ್ಲ. ಸತ್ತವನ ಹತ್ತಿರ ಇಷ್ಟು ಕೆಲಸ ತೆಗೆದುಕೊಂಡವನು ನೀನೊಬ್ಬನೇ ಇರಬೇಕು." ಹಗ್ಗ ಕಿರುಗುಟ್ಟಿತು. "ಮೊದಲು ಸಿಟ್ಟು ಬಂತು. ಆಮೇಲೆ, ಅಳ್ತಾನಂತಲ್ಲ, ಹೋಗಿ ನೋಡೋಣ ಅನ್ನಿಸಿತು. ಅದಕ್ಕೇ ಬಂದೆ. ಅಳು ಸುಳ್ಳೇನೋ?"

ಪೀಪಿ ಚಕ್ರದ ಕಡ್ಡಿಗೆ ಸಿಕ್ಕಿದ್ದ ಹುಲ್ಲು ಕಿತ್ತ. "ಹೇಳೋದು ಸುಳ್ಳು," ಎಂದ. "ಅಳು ತಾನಾಗೇ ಬರ್ತಿತ್ತು. ನಾಳೆಯಿಂದ ನಿಲ್ಲಿಸ್ತೀನಿ. ಅಕ್ಕನಿಗೆ ಎಲ್ಲಾ ಹೇಳ್ತೀನಿ."

"ನಿಲ್ಲಿಸಬೇಡ. ಇವತ್ತು ನೀನು ಹೇಳಲಿಲ್ಲ, ಏನಾಯಿತು ನೋಡಿದೆಯಲ್ಲ. ಗುಪ್ಪೆ ಇಲ್ಲದಿದ್ದರೆ ಆ ಹುಡುಗ ಇರ್ತಿರಲಿಲ್ಲ. ಅಂದರೆ ನಾನು ಸತ್ತಿದ್ದರಿಂದಲೇ ಅವನು ಬದುಕಿದ." ಅಣ್ಣ ಹಗ್ಗ ಸಡಿಲಿಸಿ, ಕಣ್ಣು ಕಿರಿದು ಮಾಡಿ ಹ್ಯಾಂಡಲ್ ನೋಡಿದ. "ಅಮ್ಮನಿಗೆ ಹೇಳಲ್ಲ. ಎಲ್ಲಿಗೂ ಹೋಗೋದೂ ಇಲ್ಲ. ಆದರೆ ಮುಂದಿನ ಸಲದಿಂದ ನಾನು ಮುಂದೆ, ನೀನು ಕೊನೆಗೆ. ಒಪ್ಪಿಗೆಯಾ?"

ಪೀಪಿಗೆ ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು. ಅಪ್ಪನ ಬೈಕು, ಮುಂದಿನ ಜಾಗ, ಎರಡೂ ಅಣ್ಣನಿಗೆ ಸೇರಬೇಕಾದ್ದೇ. ಅಷ್ಟಕ್ಕೇ ಮುಗಿಯಿತಲ್ಲ. "ಒಪ್ಪಿಗೆ," ಎಂದ.

ಲಾಡ್ಜಿನಕ್ಕನೂ ತಕರಾರು ಮಾಡಲಿಲ್ಲ. "ಭಾಷೆ ನಿನಗಿಂತ ಚೆನ್ನಾಗಿ ಬರುತ್ತಲ್ಲ ನಿಮ್ಮ ದೊಡ್ಡಪ್ಪನ ಮಗನಿಗೆ. ತಿರುವಿನ ಕಥೆ ಏನು ಮಾಡ್ತೀರಿ?" ಎಂದು ಮಾತ್ರ ಕೇಳಿದಳು. "ನಾನು ನೋಡ್ಕೋತೀನಿ," ಎಂದ ಅಣ್ಣ. ಬೋರ್ಡು ಬದಲಾಯಿಸುವ ಅಗತ್ಯವೂ ಬೀಳಲಿಲ್ಲ. ಅತಿಥಿಗಳ ಭಾಷೆಯಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಮಾತು.

ಕೊನೆಯವನ ಕೆಲಸ ಏನೆಂದು ಪೀಪಿಗೆ ತಿಳಿದದ್ದು ಮುಂದಿನ ಗುಂಪಿನ ಜೊತೆ ಹೊರಟಾಗಲೇ. ಇಡೀ ದಿನ ಬೇರೆಯವರ ಧೂಳು ನುಂಗಬೇಕು. ಮುಂದೆ ಹೋಗುತ್ತಿದ್ದವಳು ಒಬ್ಬಳು ದಪ್ಪನೆಯ ಟೀಚರು. ಬ್ರೇಕಿನಿಂದ ಕೈ ತೆಗೆಯದೆ, ಚಿಟ್ಟೆಗೂ ದಾರಿ ಬಿಟ್ಟು ಓಡಿಸುತ್ತಿದ್ದಳು. ಅವಳನ್ನು ಹಿಂದೆ ಹಾಕುವ ಹಾಗಿಲ್ಲ. ತಿರುವು ಬಂದಾಗಲೆಲ್ಲ ಹೆಬ್ಬೆರಳು ಹಾರನ್ನಿನ ಮೇಲೆ ಹೋಗುತ್ತಿತ್ತು, ಒತ್ತುವ ಹಾಗಿಲ್ಲ. ಕನ್ನಡಿ ನೋಡಿದರೆ ಯಾರೂ ಇಲ್ಲ, ಬರೀ ದಾಟಿ ಬಂದ ರಸ್ತೆ.

ಮೂರನೇ ದಿನ ಏರಿನಲ್ಲಿ ಟೀಚರಿನ ಬೈಕು ಎರಡು ಸಲ ನಿಂತಿತು. ಅವಳ ಜೊತೆ ಪೀಪಿಯೂ ನಿಂತ. ನೆಟ್ಟನೆಯ ರಸ್ತೆಗೆ ಬರುವ ಹೊತ್ತಿಗೆ ಉಳಿದವರೆಲ್ಲ ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಅಣ್ಣನ ಸುತ್ತ ನಿಂತಿದ್ದರು. ಅಣ್ಣ ಮಾತಾಡುತ್ತಿದ್ದ. ಎಂಜಿನ್ನು ಆರಿಸಿದ ಮೇಲೆ ಪೀಪಿಗೆ ಕೇಳಿದ್ದು ಕೊನೆಯ ಸಾಲು ಒಂದೇ.

"...ನನಗೆ ಇದ್ದವನು ಆ ತಮ್ಮ ಒಬ್ಬನೇ. ಆದ್ದರಿಂದ ದಯವಿಟ್ಟು ನಿಧಾನ."

ಪೀಪಿ ಬೈಕಿನ ಮೇಲೆಯೇ ಕೂತಿದ್ದ. ಇಳಿಯುವುದು ಮರೆತುಹೋಗಿತ್ತು. ಒಬ್ಬ ಹುಡುಗ ಕಣ್ಣು ಒರೆಸಿಕೊಂಡ. ಇನ್ನೊಬ್ಬಳು ಅಣ್ಣನನ್ನು ಅಪ್ಪಿಕೊಂಡಳು. ಏನು ಹೇಳಿದ್ದಾನೆ ಇವನು? ತಮ್ಮ ಜೋರಾಗಿ ಹೋದ ಅಂದನೋ, ಬೈಕು ಕದ್ದುಕೊಂಡು ಹೋದ ಅಂದನೋ? ಒಳ್ಳೆಯವನು ಅಂದನೋ, ಬಿಟ್ಟುಹೋದ ಅಂದನೋ? ಕೇಳುವುದು ಯಾರನ್ನು? ಇಲ್ಲಿ ಪೀಪಿ ಬರೀ ಚಿಕ್ಕಪ್ಪನ ಮಗ, ಕೊನೆಯ ಸವಾರ. ಸತ್ತವನು ತಾನೇ ಎಂದು ಹೇಳುವ ಹಾಗಿಲ್ಲ. 'ಬಿಡ್ತು ಅನ್ನು' ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ಅಣ್ಣನಿಗೆ ಹೇಳಲು ಅವನಿಗೆ ಯಾವ ಮುಖವಿತ್ತು.

ತಿರುವು ದಾಟಿದ ಮೇಲೆ ಎಲ್ಲರೂ ಕಲ್ಲಿಟ್ಟರು. ಟೀಚರು ಇನ್ನೊಂದು ಕಲ್ಲು ಹುಡುಕಿ ತಂದು ಪೀಪಿಯ ಕೈಗಿಟ್ಟಳು. "ನೀನೂ ಇಡು. ನಿನಗೂ ಗೊತ್ತಿದ್ದನಂತಲ್ಲ ಆ ತಮ್ಮ."

"ಹೂಂ," ಎಂದ ಪೀಪಿ.

ಗುಪ್ಪೆಯ ಆಚೆ ಅಣ್ಣ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಇವನನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಸಿಟ್ಟಿತ್ತೋ, ನಗುವಿತ್ತೋ, ಅಥವಾ ಬಿದ್ದರೆ ಎತ್ತಲು ಹಿಂದೆ ಬರುತ್ತಿದ್ದ ಕಾಲದ್ದೇನಾದರೂ ಇತ್ತೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಪೀಪಿ ಕಲ್ಲಿಟ್ಟ. ಅದು ಜಾರಿತು. ಮತ್ತೆ ಎತ್ತಿ, ಚಪ್ಪಟೆ ಬದಿ ಕೆಳಗೆ ಮಾಡಿ, ಸರಿಯಾಗಿ ಇಟ್ಟ.

ಮನೆಯಲ್ಲಿ ಅಮ್ಮ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆ. ಇಬ್ಬರು ಮಕ್ಕಳೂ ಒಂದೇ ಕೆಲಸಕ್ಕೆ ಹೋಗಿ ಒಟ್ಟಿಗೆ ಬರುತ್ತಾರೆ. ಅವಳಿಗೆ ಇನ್ನೇನು ಬೇಕು. ಹೆಂಡತಿಗೆ ವಿಷಯ ಹೇಳಿದಾಗ ಅವಳು ಸೂಜಿ ನಿಲ್ಲಿಸಿ, "ಈಗ ನಾನು ವಾರಕ್ಕೊಮ್ಮೆ ವಿಧವೆಯಾಗ್ತೀನಿ ಅನ್ನಿ," ಎಂದಳು. ಆಮೇಲೆ ತಾನೇ "ಬಿಡ್ತು" ಅಂದುಕೊಂಡು ಹೊಲಿಗೆ ಮುಂದುವರಿಸಿದಳು.

ವಾರ ವಾರವೂ ಪೀಪಿ ಆ ಕಥೆಯ ಮೊದಲ ಭಾಗ ಕೇಳಬೇಕೆಂದು ಹೊರಡುತ್ತಾನೆ. ಆದರೆ ಯಾವ ಗುಂಪಿನಲ್ಲೂ ಒಬ್ಬರಾದರೂ ನಿಧಾನದವರು ಇದ್ದೇ ಇರುತ್ತಾರೆ, ಅವರನ್ನು ಹಿಂದೆ ಹಾಕುವ ಹಾಗಿಲ್ಲ. ಮೇಲಿನಿಂದ, ಒಂದು ತಿರುವಿನಾಚೆಯಿಂದ, ಅಣ್ಣನ ಹಾರನ್ ಕೇಳಿಬರುತ್ತದೆ. ಪೀಪಿ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಒತ್ತದೆ, ಎರಡನೇ ಗೇರಿನಲ್ಲಿ ಏರು ಹತ್ತುತ್ತಾನೆ.